ಸಯನ್ ಬಂತೆಂದರೆ ಕಪ್ಪು

...ಆ ಟವಲು ಹೊದಿಸಿದ್ದು ನಾನಲ್ಲ, ನಿನ್ನ ಮಾವ. ಬುಧವಾರ ಹೊದಿಸಿದವರು ಮತ್ತೆ ಅದರ ಮುಖ ನೋಡಲಿಲ್ಲ. ತೆಗೆ, ತೆಗೆ, ಪರವಾಗಿಲ್ಲ. ಸತ್ತಿಲ್ಲ ಅದು. ಯಾಕೆ ನಗ್ತೀ ವಿಜೇತಾ? ನಿನಗೆ ನಗು. ಇಲ್ಲಿ ಈ ಕಂಪ್ಯೂಟರ್ ಕಪ್ಪಾಗಿ ಆಗಿ ನನ್ನ ಗಂಡ ವಾಶಿಗೆ ಹೋಗುವುದರಲ್ಲಿ ಉಂಟು.

ಕೂತ್ಕೋ, ಹೇಳ್ತೇನೆ. ಫೋನಿನಲ್ಲಿ ಹೇಳಲಿಕ್ಕೆ ಆಗಲಿಲ್ಲ, ಮಾವ ಪಕ್ಕದಲ್ಲೇ ಇದ್ದರು. ಈಗ ದಾದರಿಗೆ ಹೋಗಿದ್ದಾರೆ, ಎರಡು ಬಿಳಿ ಶರ್ಟು ತರಲಿಕ್ಕೆ. ಬಿಳಿ ಶರ್ಟು ಯಾಕೆ ಅಂತ ನಿನಗೆ ಬೇರೆ ಹೇಳಬೇಕಾ? ನೀನೂ ಹೋಟೆಲಿನವರ ಮನೆಯ ಹುಡುಗಿಯೇ. ಗಲ್ಲಾದಲ್ಲಿ ಕೂರುವವರಿಗೆ ಬಿಳಿ ಶರ್ಟು.

ಹೌದು ಮಾರಾಯ್ತಿ, ಪುನಃ. ಧಣಿಗಳ ಮಗ ವಾಶಿಯಲ್ಲಿ ಹೊಸ ಹೋಟೆಲ್ ತೆಗೆಯುತ್ತಾನಂತೆ. ಗಲ್ಲಾಕ್ಕೆ ನಂಬಿಕೆಯ ಜನ ಬೇಕಂತೆ. ಗ್ರಾಂಟ್ ರೋಡಿನಲ್ಲಿ ನಲವತ್ತು ವರ್ಷ ಕೂತದ್ದು ಸಾಲಲಿಲ್ಲ. ಶಾಲು ಹೊದಿಸಿ, ಹಣ್ಣು ಕೊಟ್ಟು, ಭಾಷಣ ಮಾಡಿ ಮನೆಗೆ ಕಳಿಸಿದ್ದು ಮೊನ್ನೆ ದೀಪಾವಳಿಗೆ. ಶಾಲಿನ ಮಡಿಕೆ ಇನ್ನೂ ಬಿಡಿಸಿಲ್ಲ, ಆಗಲೇ ವಾಪಸ್ ಬಾ ಅಂತಾರೆ. ಮಾವ ಮೊದಲು ಆಗುವುದಿಲ್ಲ ಅಂದಿದ್ದರು. ಮನೆಯಲ್ಲಿ ಕೆಲಸ ಉಂಟು ಅಂದರಂತೆ. ಕೆಲಸ ಅಂದರೆ ಇದೇ, ಈ ಕಂಪ್ಯೂಟರಿನ ಆಟದಲ್ಲಿ ರೈಲು ಬಿಡುವುದು. ಬುಧವಾರ ಇದು ಮತ್ತೊಮ್ಮೆ ಕಪ್ಪಾಯಿತು ನೋಡು, ಎದ್ದು ಬಂದು ಹೇಳಿದರು: "ಸೇವಂತಿ, ಕಪ್ಪು ಪರದೆಯಲ್ಲಿ ನನ್ನದೇ ಮುಖ ನೋಡಿಕೊಂಡು ಕೂರುವುದಕ್ಕಿಂತ ಗಲ್ಲಾದಲ್ಲಿ ಕೂತು ನಾಲ್ಕು ಜನರ ಮುಖ ನೋಡುವುದು ವಾಸಿ."

ನಾಳೆ ಬೆಳಿಗ್ಗೆ ಧಣಿಗಳಿಗೆ ಉತ್ತರ ಕೊಡಬೇಕು. ಅದಕ್ಕೆ ನಿನ್ನನ್ನು ಕರೆಸಿದ್ದು.

ನೀನು ಹೆಚ್ಚು ಕಷ್ಟಪಡುವುದು ಬೇಡ. ಬಿಚ್ಚು, ನೋಡು, ಯಾವುದಾದರೂ ಒಂದು ಪಾರ್ಟು ಕೆಟ್ಟಿತ್ತು ಅಂತ ಹೇಳು, ಸರಿ ಮಾಡಿದೆ ಅಂತ ಹೇಳು. ಅಷ್ಟೇ. ನಿನ್ನ ಡಿಗ್ರಿಗೆ ಮಾವ ಬೆಲೆ ಕೊಡ್ತಾರೆ. ನಾನು ಹೇಳಿದರೆ, ಜೀವಮಾನ ಇಡೀ ಹಿಟ್ಟು ಅರೆದವಳಿಗೆ ಕಂಪ್ಯೂಟರಿನದ್ದು ಎಂತ ಗೊತ್ತು ಅಂತಾರೆ... ಯಾವ ಪಾರ್ಟಾ? ನಿನಗೆ ಯಾವುದು ಚಂದ ಕಾಣುತ್ತದೋ ಅದು. ರ‍್ಯಾಮ್ ಅನ್ನು. ರ‍್ಯಾಮ್ ಅಂದರೆ ಎಲ್ಲರೂ ನಂಬ್ತಾರೆ.

ಹಾಂ, ಬಟನ್ ಅಲ್ಲೇ, ಮೇಲೆ. ಹೊತ್ತಿತಲ್ಲ? ಒಳಗೆ ಈ ಬಣ್ಣಬಣ್ಣದ ಲೈಟು ಯಾಕೆ ಅಂತ ನನ್ನಲ್ಲಿ ಕೇಳಬೇಡ. ರಾತ್ರಿ ಹಾಲ್ ಇಡೀ ಗಣಪತಿ ಮಂಟಪ.

ಮಾವನೇ ಜೋಡಿಸಿದ್ದು. ಅರೆ, ನಿಜ. ಸ್ವಂತ ಕೈಯಿಂದ, ಈ ಊಟದ ಮೇಜಿನ ಮೇಲೆ, ಫೋನಿನಲ್ಲಿ ವಿಡಿಯೋ ನೋಡಿಕೊಂಡು. ಗ್ರಾಂಟ್ ರೋಡಿನ ಕಂಪ್ಯೂಟರ್ ಅಂಗಡಿಯವರೆಲ್ಲ ಅವರ ಗಿರಾಕಿಗಳಲ್ಲವಾ. ಅವರು ದೋಸೆ ತಿನ್ನುತ್ತಾ ರ‍್ಯಾಮ್ ಹೀಗೆ, ಗ್ರಾಫಿಕ್ ಕಾರ್ಡ್ ಹಾಗೆ ಅಂತ ಮಾತಾಡಿದ್ದನ್ನು ಇವರು ಚಿಲ್ಲರೆ ಕೊಡುತ್ತಾ ಕೇಳಿಸಿಕೊಂಡದ್ದು. ಅಷ್ಟೇ ವಿದ್ಯಾಭ್ಯಾಸ.

ಸಾಮಾನು ತಂದ ಕ್ರಮ ಕೇಳಬೇಕು ನೀನು. ಎಲ್ಲ ಒಂದೇ ಅಂಗಡಿಯಲ್ಲಿ ತರಬಹುದಿತ್ತು. ಇಲ್ಲ. ಒಬ್ಬ ಗಿರಾಕಿಯಲ್ಲಿ ತಂದರೆ ಇನ್ನೊಬ್ಬ ಗಿರಾಕಿಗೆ ಬೇಸರ ಆಗುತ್ತದಂತೆ. ಹಾಗಾಗಿ ಮದರ್‌ಬೋರ್ಡು ಉಪ್ಪಿಟ್ಟಿನವನಲ್ಲಿ, ರ‍್ಯಾಮು ಪೂರಿ-ಭಾಜಿಯವನಲ್ಲಿ, ಕಾರ್ಡು ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ತಿನ್ನುವವನಲ್ಲಿ, ಪವರ್ ಸಪ್ಲೈ ಬರೀ ಚಾ ಕುಡಿಯುವವನಲ್ಲಿ. ಅಂಗಡಿಯ ಹೆಸರು ಒಂದೂ ಗೊತ್ತಿಲ್ಲ ಅವರಿಗೆ. ತಿಂಡಿ ಮಾತ್ರ ಗೊತ್ತು. ಕೆಟ್ಟ ಮೇಲೆ ಎಲ್ಲರ ಹತ್ತಿರ ಹೋದರು. ಪೂರಿ-ಭಾಜಿ ಹೇಳಿತು, ಇದು ಇಡ್ಲಿಯ ತಪ್ಪು. ಇಡ್ಲಿ ಹೇಳಿತು, ಚಾ ಕುಡಿಯುವವನನ್ನು ಕೇಳಿ. ಚಾ ಕುಡಿಯುವವನು ಹೇಳಿದ, "ಮೋನಪ್ಪಣ್ಣ, ಕೂತ್ಕೊಳ್ಳಿ, ಚಾ ತರಿಸ್ತೇನೆ." ಇವರು ಕುಡಿದು ಬಂದರು. ಗಿರಾಕಿಯ ಹತ್ತಿರ ಜಗಳ ಮಾಡುವ ಅಭ್ಯಾಸ ಇಲ್ಲವಲ್ಲ.

ಮನೆಯಲ್ಲಿ ಸುಮ್ಮನೆ ಕೂತರು ಅಂತ ತಿಳಿಯಬೇಡ. ಅಡಿಗೆಮನೆ ಬಿಸಿಯಾದರೆ ಭಟ್ರು ತಲೆ ತಿರುಗಿ ಬೀಳುವುದಿಲ್ಲವಾ, ಇದೂ ಹಾಗೆಯೇ ಅಂತ ಬದಿಯ ಬಾಗಿಲು ಕಳಚಿ ಟೇಬಲ್ ಫ್ಯಾನ್ ಇಟ್ಟರು. ಆಗಲಿಲ್ಲ. ರ‍್ಯಾಮ್ ಹೊರಗೆ ತೆಗೆದು ರಬ್ಬರಿನಲ್ಲಿ ಉಜ್ಜಿದರು. ಆಗಲಿಲ್ಲ. ಹೊಸ ವಯರು ತಂದರು, ವಿಂಡೋಸ್ ಪುನಃ ಹಾಕಿದರು. ಕೊನೆಗೆ ದೃಷ್ಟಿಗೆ ಅಂತ ಒಂದು ಲಿಂಬೆಹುಳಿ ಕಟ್ಟಿದ್ದು ಮಾತ್ರ ನಾನು. ಮನೆಯವಳಾಗಿ ನಾನೂ ಏನಾದರೂ ಮಾಡಬೇಕಲ್ಲ.

ಆಟ ಅದೇ, ಆ ನೀಲಿ ಚಿತ್ರ ಒತ್ತು. ಠಾಣೆಯಿಂದ ಬೇಡ, ಕತ್ತಲಾಗುತ್ತದೆ ನೀನು ಮುಟ್ಟುವಾಗ. ಘಾಟ್ಕೋಪರಿನಿಂದ ಹೊರಡಲಿಕ್ಕೂ ಬರುತ್ತದೆ... ನೋಡು, ಹೇಗೆ ಉಂಟು? ಪ್ಲಾಟ್‌ಫಾರಂ, ಪಂಖ, ವಡಾಪಾವ್ ಸ್ಟಾಲ್. ನಲವತ್ತು ವರ್ಷ ಬಾಗಿಲಿನ ಕಂಬಕ್ಕೆ ನೇತಾಡಿಕೊಂಡು ಹೋದ ಮನುಷ್ಯನಿಗೆ ಒಮ್ಮೆ ಮುಂದೆ ಕೂತು ಬಿಡಬೇಕು ಅಂತ ಆಸೆ ಇತ್ತಂತೆ. ನನಗೆ ಹೇಳಿರಲಿಲ್ಲ. ಯಾವಾಗ ಹೇಳುವುದು? ಮೊದಲ ಲೋಕಲಿಗೆ ಹೋಗಿ ಕಡೆಯ ಲೋಕಲಿಗೆ ಬರುವವರು.

ಯಾವ ಸ್ಟೇಷನ್ನಿನಲ್ಲಿ ಕಪ್ಪಾಗುತ್ತದೆ ಅಂತಾ? ಸಯನ್ನಿನಲ್ಲಿ.

ಹೌದು, ಪ್ರತಿ ಸಲ ಸಯನ್ನಿನಲ್ಲೇ. ಫ್ಯಾನು ತಿರುಗುತ್ತಾ ಇರುತ್ತದೆ, ಲೈಟು ಹೊಳೆಯುತ್ತಾ ಇರುತ್ತದೆ, ಪರದೆ ಮಾತ್ರ ಕಪ್ಪು. ಈಚೆಗೆ ಒಂದು ಸಲ ದಾದರ್ ನೋಡಿದ್ದಿಲ್ಲ ಪಾಪ... ಯಾಕೆ ಹಾಗೆ ನೋಡ್ತೀ? ಕಂಪ್ಯೂಟರಿಗೆ ಸಯನ್ ಹೇಗೆ ಗೊತ್ತಾಗುತ್ತದೆ ಅಂತ ನನ್ನನ್ನು ಕೇಳಿದರೆ? ಓದಿದವಳು ನೀನು. ಸಯನ್ನಿನಲ್ಲಿ ಜನ ಜಾಸ್ತಿ, ಅಷ್ಟು ಜನರ ಚಿತ್ರ ತೋರಿಸಲಿಕ್ಕೆ ಕಷ್ಟ ಆಗುತ್ತದೋ ಏನೋ ಅದಕ್ಕೆ.

ನನಗೆ ಹೇಗೆ ಗೊತ್ತು ಅಂದರೆ... ಅಡಿಗೆಮನೆಗೆ ಕೇಳುತ್ತದಲ್ಲ. ಆಟದಲ್ಲಿ ಅನೌನ್ಸ್‌ಮೆಂಟ್ ಇಲ್ಲ ಅಂತ ಮುಂದಿನ ಸ್ಟೇಷನ್ ಯಾವುದು ಅಂತ ಮಾವನೇ ಕೂಗುವುದು, ಮೊದಲು ಮರಾಠಿಯಲ್ಲಿ. "ಪುಢೀಲ್ ಸ್ಟೇಷನ್ ಕುರ್ಲಾ." ಮತ್ತೆ ಅದನ್ನೇ ಹಿಂದಿಯಲ್ಲಿ. ಮತ್ತೆ ಇಂಗ್ಲಿಷಿನಲ್ಲಿ. ಬಿಲ್ಡಿಂಗಿನವರಿಗೆಲ್ಲ ಗೊತ್ತು, ಈಗ ಮೋನಪ್ಪಣ್ಣ ಎಲ್ಲಿದ್ದಾರೆ ಅಂತ.

ವಿದ್ಯಾವಿಹಾರ್ ಹೋಯಿತಾ? ನೀನು ಚಂದ ಬಿಡ್ತೀ. ಮಾವ ಬ್ರೇಕು ಹಾಕಿದರೆ ಅರ್ಧ ಡಬ್ಬ ಪ್ಲಾಟ್‌ಫಾರಂ ದಾಟಿರುತ್ತದೆ.

ಅಲ್ಲಿ ಎಂತ ನೋಡ್ತೀ? ಅದಾ, ಅದು ಗ್ರೈಂಡರ್. ಹೋಟೆಲಿನದ್ದೇ. ಧಣಿಗಳು ಶಾಲಿನ ಜೊತೆ ಅದನ್ನೂ ಕೊಟ್ಟು ಕಳಿಸಿದರು, ಟೆಂಪೋದಲ್ಲಿ ಬಂತು. ನೂರು ಜನರಿಗೆ ಅರೆಯುವ ಕಲ್ಲು, ನಾವು ಇಬ್ಬರು. ಶುರು ಮಾಡಿದರೆ ಮೇಲಿನ ಫ್ಯಾನು ಸಮೇತ ಒಂದು ಕ್ಷಣ ಉಸಿರು ಹಿಡಿಯುತ್ತದೆ... ಅದು ಬಿಡು. ಅದಕ್ಕೂ ಇದಕ್ಕೂ ಎಂತ ಸಂಬಂಧ. ನೀನು ರ‍್ಯಾಮ್ ನೋಡು.

ಎಷ್ಟು ಪಾತ್ರೆ ಹಿಟ್ಟು ಅಂತ ಲೆಕ್ಕ ಹಾಕಬೇಡ. ಮಾಡಿದ್ದು ಹೆಚ್ಚಾಯಿತು, ಅಷ್ಟೇ. ಬಿಲ್ಡಿಂಗಿನಲ್ಲಿ ಹಂಚುತ್ತೇನೆ. ಎದುರಿನ ಶುಭಾಂಗಿ ಮೊದಲು ಥ್ಯಾಂಕ್ಯೂ ಕಾಕು ಅಂತಿದ್ದಳು. ಈಗ ನಾನು ಬೆಲ್ ಮಾಡಿದರೆ ಒಳಗೆ ಟಿವಿ ಬಂದ್ ಮಾಡಿ ಉಸಿರಾಡದೆ ಕೂರ್ತಾಳೆ. ನಿನಗೆ ಎರಡು ಡಬ್ಬ ಕಟ್ಟಿಡ್ತೇನೆ, ಹೋಗುವಾಗ ತೆಗೆದುಕೊಂಡು ಹೋಗು.

ಕುರ್ಲಾ ಬಿಟ್ಟಿತಾ. ಇನ್ನು ನೋಡು. ಈಗ ಆಗುತ್ತದೆ. ಆ ತಿರುವು ಬಂತಲ್ಲ... ಈಗ. ಪರದೆಯ ಮೇಲೆ ಕಣ್ಣಿಡು, ಹಿಂದೆ ತಿರುಗಬೇಡ. ಪ್ಲಾಟ್‌ಫಾರಂ ಕಂಡಿತು... ಈಗ ನೋಡು...

ನಿಂತಿತು.

ಜನ ಹತ್ತಿದರು.

ಹೊರಟಿತು.

...ಸಯನ್ ದಾಟಿತಲ್ಲ. ವಿಚಿತ್ರ. ನಿನ್ನನ್ನು ಕಂಡು ಹೆದರಿದ್ದು ಇರಬೇಕು. ಡಾಕ್ಟರ ಎದುರು ಕೂತ ಕೂಡಲೇ ಜ್ವರ ಇಳಿಯುವುದಿಲ್ಲವಾ, ಹಾಗೆ. ಇದು ರ‍್ಯಾಮೇ. ರ‍್ಯಾಮ್ ಇಂಥ ನಾಟಕ ಮಾಡುತ್ತದೆ ಅಂತ ಪೂರಿ-ಭಾಜಿಯವನೇ ಹೇಳಿದ್ದು ಉಂಟು. ನೀನು ಒಂದು ಮಾತು... ಎಲ್ಲಿಗೆ? ನೀರು ಬೇಕಾ? ಕೂತ್ಕೋ, ನಾನು ತರ್ತೇನೆ. ವಿಜೇತಾ. ಅದು ಲೈಟಿನ ಸ್ವಿಚ್ಚಲ್ಲ ಮಗಾ.

...

ಆಫ್ ಮಾಡು. ಖಾಲಿ ಕಲ್ಲು ತಿರುಗಿಸಬಾರದು, ಸವೆಯುತ್ತದೆ.

ಹೌದು, ಕಂಡಿತು. ನನಗೂ ಕಣ್ಣುಂಟು. ಕಪ್ಪಾಯಿತು. ಅಂದರೆ ಇದು ಗ್ರೈಂಡರಿನಿಂದಲಾ? ನೋಡು, ಎಷ್ಟು ಸುಲಭದ್ದು. ಹಳೇ ಬಿಲ್ಡಿಂಗು, ಹಾಲಿಗೂ ಅಡಿಗೆಮನೆಗೂ ಒಂದೇ ವಯರು. ನಮಗೆ ಹೇಗೆ ಹೊಳೆಯಬೇಕು ಹೇಳು. ಮಾವನಿಗೂ ಗೊತ್ತಾಗಲಿಲ್ಲ. ನಲವತ್ತು ವರ್ಷ ಗ್ರೈಂಡರಿನ ಸದ್ದಿನಲ್ಲಿ ಕೂತ ಕಿವಿಗೆ ಗ್ರೈಂಡರ್ ಕೇಳುವುದಿಲ್ಲ. ನಿಂತರೆ ಮಾತ್ರ ಕೇಳುತ್ತದೆ.

 

ಹಾಗೆ ನೋಡಬೇಡ ಅಂದೆ.

ಮೊದಲ ಸಲ ನಾನು ಬೇಕಂತ ಮಾಡಿದ್ದಲ್ಲ. ದೇವರಾಣೆ. ಉದ್ದು ನೆನೆದಿತ್ತು, ಸ್ವಿಚ್ ಹಾಕಿದೆ. ಹಾಲಿನಲ್ಲಿ "ಅಯ್ಯೋ" ಅಂತ ಕೇಳಿತು. ಎದ್ದು ಬಂದು ಅಡಿಗೆಮನೆಯ ಸ್ಟೂಲಿನಲ್ಲಿ ಕೂತರು. ಮಾಡಲಿಕ್ಕೆ ಕೆಲಸ ಇಲ್ಲದೆ ಬೆಳ್ಳುಳ್ಳಿ ಸುಲಿದರು. ಹಿಟ್ಟು ತೆಗೆಯುವಾಗ ಪಾತ್ರೆ ಹಿಡಿದರು. ಚಾ ಮಾಡಿಕೊಟ್ಟೆ. ನನ್ನ ಲೋಟ ನೋಡಿ ಕೇಳಿದರು, "ನೀನು ಸಕ್ಕರೆ ಹಾಕುವುದಿಲ್ಲವಾ?" ನಾನು ಚಾಕ್ಕೆ ಸಕ್ಕರೆ ಬಿಟ್ಟು ಇಪ್ಪತ್ತು ವರ್ಷ ಆಯಿತು ವಿಜೇತಾ. ಯಾವ ಗಿರಾಕಿಗೆ ಚಟ್ನಿ ಎರಡು ಸಲ ಬೇಕು ಅಂತ ಮುಖ ನೋಡಿ ಹೇಳುವ ಮನುಷ್ಯ.

ಮರುದಿನ ಪುನಃ ಠಾಣೆಯಿಂದ ಹೊರಟರು. ಮುಲುಂಡ್, ಭಾಂಡುಪ್, ಕುರ್ಲಾ. ಸಯನ್ ಬಂತು. ನಮ್ಮದೇ ಸ್ಟೇಷನ್, ಇಲ್ಲೇ ಕೆಳಗೆ. ಇಳಿಯುವುದಿಲ್ಲ. ದಾದರ್, ಭಾಯ್ಖಳಾ, ಸಿಎಸ್‌ಟಿ, ಅಲ್ಲಿಂದ ಪುನಃ ಠಾಣೆ. ದಿನಕ್ಕೆ ಎಷ್ಟೋ ಸಲ ಮನೆಯ ಬಾಗಿಲಿನ ಮುಂದೆಯೇ ಹೋಗ್ತಾರೆ, ಇಳಿಯುವುದಿಲ್ಲ. ಅದಕ್ಕೆ ನಾನೇ ಇಳಿಸಿದೆ. ಕುರ್ಲಾ ಅಂತ ಕೇಳಿದ ಕೂಡಲೇ ಉದ್ದು ಹಾಕುವುದು, ಸಯನ್ ಅಂದ ಕೂಡಲೇ ಸ್ವಿಚ್. ಮನೆ ಇರುವ ಸ್ಟೇಷನ್ನಿನಲ್ಲಿ ಗಂಡನನ್ನು ಇಳಿಸಿದ್ದು ಎಂತ ತಪ್ಪು?

ವಾಶಿಗೆ ಹೋಗ್ತಾರೆ ಅಂತ ನನಗೆ ಕನಸು ಬಿದ್ದಿತ್ತಾ? ಗ್ರೈಂಡರ್ ಮುಟ್ಟದೆ ನಾಲ್ಕು ದಿನ ಆಯಿತು. ಆದರೆ ಟವಲು ತೆಗೆಯುವವರು ಬೇಕಲ್ಲ.

ಅವರಿಗೆ ಹೇಳಬೇಡ. ನೀನು ಅವರ ಅಕ್ಕನ ಮಗಳು, ಸೋದರಮಾವ ಅಂದರೆ ನಿನಗೆ ದೇವರು, ಅದು ನನಗೆ ಗೊತ್ತಿಲ್ಲದ್ದಲ್ಲ... ಎಂತ ವಯರು ಎಳೀತಿದ್ದೀ ಅದು? ಬೆಡ್‌ರೂಮಿನಿಂದಲಾ? ಹೌದು, ಎಸಿಯ ಲೈನು ಬೇರೆಯೇ. ಅದಕ್ಕೆ ಹಾಕಿದರೆ ಆಗುತ್ತದಾ? ಇನ್ನು ನಾನು ಎಷ್ಟು ಅರೆದರೂ ಇದಕ್ಕೆ ಏನೂ ಆಗುವುದಿಲ್ಲವಾ?

...ಸರಿ. ಎಳೆ. ಬಾಗಿಲಿನ ಅಡಿಯಿಂದ ತಾ, ಕಾಲಿಗೆ ಸಿಕ್ಕಬಾರದು.

ಲಿಫ್ಟು ನಿಂತಿತು. ಅವರೇ. ಬಿಳಿ ಶರ್ಟು ಬಂತು. ರ‍್ಯಾಮ್ ಅಂತ ಹೇಳ್ತೀಯಾ, ಗ್ರೈಂಡರ್ ಅಂತ ಹೇಳ್ತೀಯಾ? ಯಾಕೆ ನಗ್ತೀ? 

ತಡಿ, ಬಾಗಿಲು ತೆಗೆಯಬೇಡ. ಒಂದು ಕೇಳ್ತೇನೆ. ಲೋಕಲಿನಲ್ಲಿ ಹಿಂದಿನ ಡಬ್ಬದಲ್ಲಿ ಗಾರ್ಡ್ ಇರ್ತಾನಲ್ಲ. ಅವನು ಬೆಲ್ ಹೊಡೆಯದೆ ಮುಂದಿನವನು ಗಾಡಿ ಬಿಡುವ ಹಾಗಿಲ್ಲ, ಹೌದಾ? ಎಷ್ಟು ದೊಡ್ಡ ಮೋಟರ್‌ಮ್ಯಾನ್ ಆದರೂ? ಈ ಆಟದಲ್ಲಿ ಗಾರ್ಡಿನ ಕೆಲಸಕ್ಕೆ ಯಾರಾದರೂ ಕೂರಲಿಕ್ಕೆ ಉಂಟಾ?

ಉಂಟು. ಖಾಲಿ ಉಂಟು ಅಂತೀಯಾ.

ಹಾಗಾದರೆ ಹೋಗಿ ಬಾಗಿಲು ತೆಗೆ. ಮೆಷಿನ್ನು ಸರಿ ಆಯಿತು, ಇನ್ನು ಎಷ್ಟು ದಿನ ಬೇಕಾದರೂ ಬಿಡಬಹುದು ಅಂತ ಹೇಳು. ನಾನು ಇನ್ನೊಂದು ಕುರ್ಚಿ ತರ್ತೇನೆ. ಮುಲುಂಡಿನಲ್ಲಿ ಬೆಲ್ ಹೊಡೀತೇನೆ, ಭಾಂಡುಪಿನಲ್ಲಿ ಹೊಡೀತೇನೆ, ಕುರ್ಲಾದಲ್ಲೂ ಹೊಡೀತೇನೆ.

ಸಯನ್ನಿನಲ್ಲಿ ಚಾ ಕುಡಿದು ಮುಗಿಯುವ ತನಕ ಹೊಡೆಯುವುದಿಲ್ಲ.