ಅಪ್ಪ ಕೆತ್ತಿದ ಮೆಟ್ಟಿಲು

ಮಗಳ ಕೈಗೆ ಹಾಕಿದ್ದ ಪ್ಲಾಸ್ಟರ್ ಬಿಚ್ಚಿಸಲು ಮೂಳೆ ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದೆ. ಅವಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಪಕ್ಕದ ಬೆಂಚಿನಲ್ಲಿ ಕಾಲು ಚಾಚಿ ಕೂತ ಟೈಲರ್ ಅಕ್ಕ, ಜೊತೆಗೆ ಅವಳ ಕಲ್ಲುಕೆಲಸದ ತಮ್ಮ. ಪೇಟೆಯ ಹಳೆಯ ಕಲ್ಲು ಕಟ್ಟಡದಲ್ಲಿ ಅವಳ ಅಂಗಡಿ. ಅದರ ಸವೆದ ಮೆಟ್ಟಿಲಲ್ಲೇ ಜಾರಿ ಬಿದ್ದಿದ್ದಳಂತೆ.

“ಮಾಲೀಕರು ಒಡೆದು ಸಿಮೆಂಟ್ ಹಾಕು ಅಂದಿದಾರೆ ಅಕ್ಕ. ನಾಳೆ ಒಡೀತೀನಿ.”

“ಕಟ್ಟಡ ಕಟ್ಟುವಾಗ ಅಪ್ಪ ಕೆತ್ತಿದ ಕಲ್ಲು ಕಣೋ ಅದು. ಒಡೆಯೋಕೆ ನಿನಗೆ ಕೈ ಬರುತ್ತಾ?”

“ನಿನ್ನ ಕಾಲು ಮುರಿದ ಕಲ್ಲನ್ನ ಮುದ್ದು ಮಾಡ್ಲಾ? ಅಪ್ಪನ ಉಳಿ ಗುರುತು ಎಲ್ಲಿದೆ ಈಗ? ನಿನ್ನ ಗಿರಾಕಿಗಳ ಕಾಲಿಗೆ ಸವೆದು ಸೌಟಾಗಿದೆ.”

“ಬೇರೆ ಅಂಗಡಿ ಮೆಟ್ಟಿಲೆಲ್ಲ ಹೋದವು. ಅಪ್ಪನ ಕೈಕೆಲಸ ಅಂತ ಇದೊಂದೇ ಉಳಿದಿರೋದು.”

“ನನಗೂ ಸಂಕಟಾನೇ ಅಕ್ಕ. ಯಾರೋ ಒಡೆಯೋದಕ್ಕಿಂತ ನಾನೇ ಒಡೆಯೋಣ ಅಂತ ಒಪ್ಕೊಂಡೆ.”

ಅಕ್ಕ ಚಾಚಿದ ಕಾಲನ್ನು ಸವರಿಕೊಂಡಳು.

“ಅಮ್ಮ ಬೈತಿದ್ದಳಲ್ಲ, ನೆಲಕ್ಕೆ ಅಂಟೋ ಕಡೇನೂ ಯಾಕೆ ನುಣ್ಣಗೆ ಮಾಡ್ತೀರಿ, ಯಾರು ನೋಡ್ತಾರೆ ಅಂತ?”

“ಹೂಂ. ಎರಡೂ ಕಡೆ ಮುಗಿಸದೆ ಅಪ್ಪ ಮೇಲೇಳ್ತಿರಲಿಲ್ಲ.” ತಮ್ಮ ತಡೆದು ಅಕ್ಕನ ಮುಖ ನೋಡಿದ. “ಮಗುಚಿ ಹಾಕಬಹುದು. ಕೆಳಗಿನ ಕಡೆ ಸವೆದೇ ಇರಲ್ಲ.”

“ಈಗ ಹೊಳೀತಾ ನಿಂಗೆ? ನಾನು ಕಾಲು ಮುರ್ಕೊಂಡ ಮೇಲೆ?”

“ಒಡೆಯೋಕೆ ನಾನೊಬ್ಬ ಸಾಕಿತ್ತು. ಮಗುಚೋಕೆ ನಾಲ್ಕು ಜನ ಬೇಕು.”

“ಕರ್ಕೊಂಡು ಬಾ. ಟೀ ನಂದು.”

ನರ್ಸ್ ಅಕ್ಕನನ್ನು ಕರೆದಳು. ತಮ್ಮ ಹೆಗಲು ಕೊಟ್ಟು ಎಬ್ಬಿಸಿದ. ಡಾಕ್ಟರ ಹೊಸ್ತಿಲಲ್ಲಿ ಅಕ್ಕ ಉಸಿರು ಬಿಟ್ಟು ನಿಂತಳು.

“ನನ್ನನ್ನೂ ಹಾಗೇ ಮಗುಚಿ ಹಾಕೋಕಾಗತ್ತಾ ಅಂತ ಡಾಕ್ಟರನ್ನ ಕೇಳೋ.”

“ಮೆಲ್ಲಗೆ ಅಕ್ಕ,” ಅಂದ ತಮ್ಮ. “ಇಲ್ಲೂ ಒಂದು ಮೆಟ್ಟಿಲಿದೆ.”