ಜೋಳದ ಡಬ್ಬಿಯ ಎಮ್ಮೆ

ಆಳಂದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಗೆಳತಿಯರು. ಒಬ್ಬಳ ಮೊಬೈಲಿನಲ್ಲಿ ಅವಳೇ ಮಾಡಿದ ಕಾರ್ಟೂನು. ಎಮ್ಮೆ, ಆಡು ಗುಟ್ಟು ಹಂಚಿಕೊಳ್ಳುತ್ತಿದ್ದವು.

“ಮಾರಿ ಎಮ್ಮಿದು. ದನಿ ನಂದ್ಯಾಕ ಹಾಕ್ದಿ ಬೇ ಜಸ್ಮೀನ?”

“ನಗು ಬಂತು ಶಿವಕಾಂತಾ, ನಿನ್ನ ವಾಯ್ಸ್ ಮೆಸೇಜೇ ಹಚ್ಚಿ ಸ್ಟೇಟಸ್ಸಿಗಿ ಹಾಕಿದ್ನಿ.”

“ಬಸರಾಗದ ಗುಳಗಿ ಜ್ವಾಳದ ಡಬ್ಬ್ಯಾಗ ಇಟ್ಟೀನಂತ ನಿನಗೊಬ್ಬಾಕಿಗೇ ಹೇಳಿದ್ನಿ.”

“ಯಾರ್ ನೋಡಿದ್ರು?”

“ನಮ್ಮತ್ತಿ. ನಕ್ಕೋತನ ಎದ್ದು ಡಬ್ಬಿ ತಗದ್ಳು.”

“ಸಿಕ್ತೇನ?”

“ಸಿಕ್ತು.”

ಮೊಬೈಲಿನಲ್ಲಿ ಆಡು ನಗುತ್ತಿತ್ತು. ಜಸ್ಮೀನ ಬಂದ್ ಮಾಡಿದಳು.

“ಏನಂದ್ಳು?”

ಅಫಜಲಪುರದ ಬಸ್ಸು ಬಂತು. ಶಿವಕಾಂತಾ ಮೆಟ್ಟಿಲು ಹತ್ತಿ ತಿರುಗಿದಳು.

“‘ನನ್ನ ಹೊಟ್ಟ್ಯಾಗ ಹುಟ್ಟಿದ ಕೋಣನೂ ಮೊಬೈಲ್ ನೋಡ್ತದ, ಎಮ್ಮಿಗಿ ಲಗೂನ ಡಬ್ಬಿ ಬದಲಿ ಮಾಡಂತ ಹೇಳು’ ಅಂದ್ಳು.”