ಚಿಲಕದವರೆಗಿನ ಪದ್ಯ

ಮಟ್ಟಾಂಚೇರಿಯ ನಮ್ಮ ಶುಂಠಿ ಗೋದಾಮಿನ ಹಿಂದೆ ಒಂದು ಬಾವಿ ಉಂಟು. ಕಾಂಕ್ರೀಟು ಚಪ್ಪಡಿ ಹಾಕಿ ಮುಚ್ಚಿದ್ದು. ಆ ರಾತ್ರಿ ಗುರುಕಿರಣ್ ಕೊನೆಯ ಬೋಟಿಳಿದು ಅದರ ಪಕ್ಕದ ದಾರಿಯಲ್ಲೇ ನಡೆದು ಬಂದದ್ದು.

ಅವನು ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿದ್ದ. ಉಡುಪಿ ಕಡೆಯವನು, ಬ್ಯಾಂಕಿನ ಕೆಲಸ. ಹುಚ್ಚು ಮಾತ್ರ ದೆವ್ವದ ಕತೆ, ದೆವ್ವದ ಪದ್ಯಗಳದ್ದು.

"ದಿನಕರ ಮಾಮ, ದೆವ್ವವನ್ನು ತೋರಿಸುವವನು ಕವಿಯೇ ಅಲ್ಲ. ಬಾಗಿಲವರೆಗೆ ಕರಕೊಂಡು ಹೋಗಿ ಬಿಟ್ಟುಬಿಡಬೇಕು" ಅನ್ನುತ್ತಿದ್ದ.

"ಅರ್ಧ ಮಾಲು ಕಳಿಸಿ ಪೂರ್ತಿ ಹೊಗಳಿಸಿಕೊಳ್ಳುವ ವ್ಯಾಪಾರ! ನಮಗೂ ಕಲಿಸು" ಅಂತ ನಾನು ನಗುತ್ತಿದ್ದೆ.

ಆ ರಾತ್ರಿ ಗೆಳೆಯರಿಗೆ ಕಳಿಸಲೆಂದು ಮೊಬೈಲಿಗೆ ಒಂದು ಪದ್ಯ ಓದುತ್ತಾ ಬರುತ್ತಿದ್ದನಂತೆ. ಸತ್ತ ಮಗು ಹೊರಗಿನಿಂದ ಬಾಗಿಲು ಬಡಿಯುತ್ತದೆ. ತಾಯಿ ಚಿಲಕದ ಮೇಲೆ ಕೈಯಿಡುತ್ತಾಳೆ... ಪದ್ಯ ಅಲ್ಲಿಗೇ ನಿಲ್ಲುತ್ತದೆ.

ಅವನೂ ನಿಲ್ಲಿಸಿದ.

ಚಪ್ಪಡಿಯ ಕೆಳಗಿನಿಂದ ಸಣ್ಣ ದನಿ... "ಎನ್ನಿಟ್ಟ್?"

ಮಲಯಾಳದಲ್ಲಿ, ಆಮೇಲೇನಾಯಿತು ಅಂತ. ನಮ್ಮಲ್ಲಿ ಕತೆಗೆ ಹ್ಞೂಂಗುಟ್ಟುವ ಹಾಗೆ, ಇಲ್ಲಿಯ ಮಕ್ಕಳು ಕೇಳುವುದು ಹೀಗೆ.

ಅವನು ಓಡಲಿಲ್ಲ. ಖುಷಿಯಾಯಿತಂತೆ! "ಅಷ್ಟೇ, ಮುಂದಿಲ್ಲ" ಅಂದು ಮನೆಗೆ ಬಂದ.

ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ರಾಜಲಕ್ಷ್ಮಿ ನನ್ನ ಬಾಗಿಲು ತಟ್ಟಿದಳು. "ಮಾಮ, ಬೇಗ ಬನ್ನಿ... ಗ್ರೀಷ್ಮಾ..."

ಮೇಲೆ ಹೋದೆ. ಗೋದಾಮು ನೋಡಿಕೊಳ್ಳುವವನ ಅಭ್ಯಾಸ, ಒಳಗೆ ಕಾಲಿಟ್ಟವನೇ ಬಾಗಿಲ ಚಿಲಕ ಹಾಕಿದೆ. ಅವರ ಆರು ವರ್ಷದ ಮಗಳು ಗ್ರೀಷ್ಮಾ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ತುಟಿ ನೀಲಿ. ಗಂಟಲಲ್ಲಿ ಗುಳು ಗುಳು... ಕೊಡ ಮುಳುಗುವ ಸದ್ದು.

"ಎನ್ನಿಟ್ಟ್?" ಅನ್ನುವಳು. ಉಸಿರು ನಿಲ್ಲುವುದು. ಗುರುಕಿರಣ್ ಪದ್ಯವನ್ನು ಮೊದಲಿಂದ ಹೇಳಿದರೆ ಉಸಿರು ಬರುವುದು. ಚಿಲಕದ ಸಾಲಿಗೆ ಮತ್ತೆ ನಿಲ್ಲುವುದು. ಆಂಬುಲೆನ್ಸಿಗೆ ಫೋನ್ ಮಾಡಿದ್ದರು, ಅದರ ಸುಳಿವಿಲ್ಲ.

"ಮುಗಿಸು ಮಾರಾಯ!" ಪಿಸುಗುಟ್ಟಿದೆ.

"ಅದಕ್ಕೆ ಕೊನೆ ಇಲ್ಲ ಮಾಮ... ಅದೇ ಅದರ ದೊಡ್ಡತನ..."

"ದೊಡ್ಡತನ ಕಟ್ಟಿಡು. ಕೇಳಿದವರಿಗೆ ಮಾಲು ಕೊಟ್ಟು ಕಳಿಸು."

ಅವನು ಅಳುತ್ತಾ ಹೇಳಿದ. "ತಾಯಿ... ಬಾಗಿಲು ತೆಗೆದಳು. ಮಗು ಒಳಗೆ ಬಂತು. ಬೆಚ್ಚಗೆ ಮಲಗಿತು. ಮುಗಿಯಿತು."

ಟಕ್.

ನಾನು ಹಾಕಿದ ಚಿಲಕ. ನಾವು ಮೂವರೂ ಹಾಸಿಗೆಯ ಹತ್ತಿರವೇ ಇದ್ದೆವು... ಕಿರ್ರ್ ಅಂತ ಬಾಗಿಲು ತೆರೆಯಿತು. ಹೊರಗೆ ಯಾರೂ ಇಲ್ಲ. ಗ್ರೀಷ್ಮಾ ಉದ್ದಕ್ಕೆ ಉಸಿರೆಳೆದು ಮಲಗಿದಳು. ಗೋಡೆಯ ಕಡೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು.

ಅವರೀಗ ತಿರುವನಂತಪುರದಲ್ಲಿದ್ದಾರೆ, ವರ್ಗವಾಗಿ. ಹೋದ ತಿಂಗಳು ಏಲಕ್ಕಿ ವ್ಯವಹಾರಕ್ಕೆ ಹೋದವನು ಅವರಲ್ಲೇ ಉಳಿದೆ. ಅವನ ದೆವ್ವದ ಪುಸ್ತಕಗಳ ಕಪಾಟು ಹಾಗೇ ಉಂಟು. ಗುರುಕಿರಣ್ ಈಗಲೂ ಓದುತ್ತಾನೆ, ಆದರೆ ಮೊದಲು ಕೊನೆಯ ಪುಟ ನೋಡಿಯೇ.

ಮೂಸಿ, ಕಚ್ಚಿ ನೋಡದೆ ಒಂದು ಕಾಳು ಮೆಣಸನ್ನೂ ಕೊಳ್ಳುವವನಲ್ಲ ನಾನು. ಇದು ನಡೆದದ್ದು. ಅಲ್ಲಿ ಉಳಿದ ಮರುದಿನ ಬೆಳಿಗ್ಗೆ ಗ್ರೀಷ್ಮಾಳ ಹಾಸಿಗೆಯಲ್ಲಿ ಎರಡು ದಿಂಬು ಕಂಡೆ. ಎರಡರಲ್ಲೂ ತಲೆಯಿಟ್ಟ ತಗ್ಗು. ರಾಜಲಕ್ಷ್ಮಿ ಅದರಲ್ಲಿ ಒದ್ದೆಯಾದ ಒಂದನ್ನು ಎತ್ತಿಕೊಂಡು ಒಣಗಿಸಲು ಟೆರೇಸಿಗೆ ಒಯ್ದಳು.